ಕಳೆದ ವರ್ಷ ಕಿತ್ತ ಜಾಗಕ್ಕೇ ಮತ್ತೆ ಬನ್ನಿ

ಮೈಸೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಹಕ್ಕಿ ನೋಡುವ ಹವ್ಯಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ

ಸ್ವಯಂಸೇವಕರು ಜೀಪಿನಿಂದ ಇಳಿಯುತ್ತಿದ್ದ ಹಾಗೇ ಕೇಳುವ ಮೊದಲ ಪ್ರಶ್ನೆ ಯಾವುದು ಗೊತ್ತಾ? ‘ಮೇಡಂ, ಇವತ್ತು ಹುಲಿ ಕಾಣಿಸುತ್ತಾ?’ ಈ ಪ್ರಶ್ನೆಗೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಹುಲಿ ನೋಡುವ ಆಸೆ ನನಗೂ ಇದೆ. ಇಷ್ಟು ವರ್ಷ ಕಾಡಿನಲ್ಲಿ ಓಡಾಡಿದ ಮೇಲೂ ಇದೆ. ಆದರೆ ಒಂದು ಮಾತು ಆಗಲೇ ಹೇಳಿಬಿಡುತ್ತೇನೆ. ಇವತ್ತು ನಾವು ಜಾಸ್ತಿ ನೋಡುವುದು ನೆಲವನ್ನ. ಮೊಣಕಾಲಿಂದ ಕೆಳಗೆ ಏನೇನಿದೆಯೋ ಅದನ್ನ.

ನಾನು ಉಪ ವಲಯ ಅರಣ್ಯಾಧಿಕಾರಿ. ಹಳಬರ ಬಾಯಲ್ಲಿ ಇನ್ನೂ ಫಾರೆಸ್ಟರ್. ಕೆಲಸ ಮಾಡಿರುವುದೆಲ್ಲ ಚಾಮರಾಜನಗರ ಜಿಲ್ಲೆಯ ಕಾಡುಗಳಲ್ಲಿ. ಈ ಒಂದು ಜಿಲ್ಲೆಯೊಳಗೆ ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟ ಅಂತ ಎರಡು ಹುಲಿ ಸಂರಕ್ಷಿತ ಪ್ರದೇಶಗಳಿವೆ. ಮಲೆ ಮಹದೇಶ್ವರ ಮತ್ತು ಕಾವೇರಿ ಅಂತ ಎರಡು ವನ್ಯಧಾಮಗಳಿವೆ. ನನ್ನ ದಿನ ಶುರುವಾಗುವುದು ಬೀಟ್‌ಗಳಿಂದ, ಅಂದರೆ ಒಬ್ಬೊಬ್ಬ ಗಾರ್ಡ್ ನೋಡಿಕೊಳ್ಳುವ ಕಾಡಿನ ತುಂಡುಗಳಿಂದ, ಬರುವ ವಾಕಿಟಾಕಿ ಸುದ್ದಿಯಿಂದ. ಯಾವ ಕ್ಯಾಂಪಿನಲ್ಲಿ ಅಕ್ಕಿ ಮುಗಿದಿದೆ, ಯಾವ ಕೆರೆಯಲ್ಲಿ ನೀರು ಇಳಿದಿದೆ, ರಾತ್ರಿ ಯಾರ ಜೋಳದ ಹೊಲಕ್ಕೆ ಆನೆ ನುಗ್ಗಿದೆ. ಇದರ ಮಧ್ಯೆ ಸ್ವಯಂಸೇವಕರನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ಅದು ಇನ್ನೊಂದು ಹೊರೆ ಅನ್ನಿಸಿತ್ತು. ಈಗ ಹಾಗಿಲ್ಲ. ಆ ಭಾನುವಾರಗಳಿಗೆ ನಾನು ಕಾಯುತ್ತೇನೆ.

ಆದರೆ ಶುರುವಿನಲ್ಲಿ ನಾನು ಮಾಡಿದ ತಪ್ಪಿನಿಂದಲೇ ಮಾತು ಆರಂಭಿಸಬೇಕು.

ಮೊದಲ ವರ್ಷ, ಒಂದು ಭಾನುವಾರ, ಬೆಂಗಳೂರಿನ ಒಂದು ಕಂಪನಿಯಿಂದ ಅರವತ್ತು ಜನ ಬಂದರು. ಎರಡು ಬಸ್ಸು, ಎಲ್ಲರದೂ ಒಂದೇ ಬಣ್ಣದ ಟೀ ಶರ್ಟ್. ತುಂಬಾ ಒಳ್ಳೆಯ ಮನಸ್ಸಿನ ಹುಡುಗರು, ಹುಡುಗಿಯರು. ಕಾಡಂಚಿನಲ್ಲಿ ಲಂಟಾನ ಅನ್ನುವ, ಹೊರಗಿನಿಂದ ಬಂದ ಮುಳ್ಳು ಕಳೆ ತುಂಬಿಕೊಂಡಿದ್ದ ಒಂದು ಜಾಗ ತೋರಿಸಿದೆ. ಅರ್ಧ ಗಂಟೆ ಭಾಷಣ ಮಾಡಿದೆ. ಕೈಗೆ ಮಚ್ಚು, ಕುಡುಗೋಲು ಕೊಟ್ಟೆ. ‘ಮುಳ್ಳಿರುವ ಪೊದೆ ಕಂಡರೆ ಅದೇ ಲಂಟಾನ’ ಅಂದೆ. ಊಟದ ಹೊತ್ತಿಗೆ ಜಾಗ ಬಟಾಬಯಲು. ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ನಾನೂ ನಿಂತೆ.

ಬಸ್ಸುಗಳು ಹೋದ ಮೇಲೆ ಕಾಡು ಕಾಯುವ ನಮ್ಮ ವಾಚರ್ ಒಬ್ಬರು, ಇಲ್ಲಿನ ಕಾಡಿನ ಮೂಲನಿವಾಸಿ ಸೋಲಿಗರ ಹಿರಿಯರು, ಕಡಿದು ಹಾಕಿದ್ದ ರಾಶಿಯೊಳಗೆ ಕೈ ಹಾಕಿದರು. ಒಂದೊಂದೇ ಕೊಂಬೆ ಎಳೆದು ನೆಲದ ಮೇಲೆ ಸಾಲಾಗಿ ಇಟ್ಟರು. ಇದು ಕವಳೆ. ಇದು ಬೋರೆ. ಇದು ಕಾರೆ. ಎಲ್ಲಕ್ಕೂ ಮುಳ್ಳಿದೆ, ಎಲ್ಲವೂ ಈ ಕಾಡಿನ ಸ್ವಂತ ಗಿಡಗಳು. ಹಕ್ಕಿ, ಕರಡಿ, ನರಿ ಎಲ್ಲ ಇವುಗಳ ಹಣ್ಣು ನೆಚ್ಚಿಕೊಂಡಿವೆ. ‘ಇವ್ನೂ ಕಡ್ದ್‌ಬುಟ್ರಲ್ಲವ್ವ’ ಅಂದರು. ಅಷ್ಟೇ. ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು: ‘ಅದ ಮೇಲ್ಮೇಲೆ ಕಡುದ್ರೆ ಸಾಯಕಿಲ್ಲ ಕನವ್ವ. ಮಳೆ ಬರ್ಲಿ, ನೋಡಿ.’

ಮಳೆ ಬಂತು. ನೋಡಿದೆ. ನಾವು ಕಡಿದಿದ್ದ ಒಂದೊಂದು ಲಂಟಾನ ಬುಡದಿಂದ ಹತ್ತು ಹನ್ನೆರಡು ಚಿಗುರು ಎದ್ದಿತ್ತು. ದೀಪಾವಳಿ ಹೊತ್ತಿಗೆ ಪೊದೆ ಮೊದಲಿಗಿಂತ ದಟ್ಟ. ಕವಳೆ, ಕಾರೆ ಇದ್ದ ಜಾಗವನ್ನೂ ಅದೇ ನುಂಗಿತ್ತು. ಆ ಅರವತ್ತು ಜನರಲ್ಲಿ ಒಬ್ಬರೂ ಇದನ್ನು ನೋಡಲಿಲ್ಲ. ಯಾಕೆಂದರೆ ಯಾರನ್ನೂ ನಾನು ಮತ್ತೆ ಕರೆದಿರಲಿಲ್ಲ.

ಅವತ್ತಿನಿಂದ ನನ್ನ ತಲೆಯಲ್ಲಿ ಕೂತ ವಿಷಯ ಒಂದೇ. ಕಾಡಿನ ಕೆಲಸಕ್ಕೆ ಜನ ಎಷ್ಟು ಬಂದರು ಅನ್ನುವುದಕ್ಕಿಂತ, ಬಂದವರು ಅದೇ ಜಾಗಕ್ಕೆ ಎಷ್ಟು ಸಲ ತಿರುಗಿ ಬಂದರು ಅನ್ನುವುದು ಮುಖ್ಯ. ಇವತ್ತು ನಿಮ್ಮ ಹತ್ತಿರ ಕೇಳಿಕೊಳ್ಳಲು ಬಂದಿರುವುದೂ ಇದನ್ನೇ.

ಲಂಟಾನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅದನ್ನು ತಿಳಿದುಕೊಂಡರೆ ನಾನು ಯಾಕೆ ಹೀಗೆ ಹೇಳುತ್ತೇನೆ ಅನ್ನುವುದು ಗೊತ್ತಾಗುತ್ತದೆ. ಇದು ಅಮೆರಿಕ ಖಂಡದ ಉಷ್ಣ ಭಾಗದ ಗಿಡ. ಇನ್ನೂರು ವರ್ಷಕ್ಕೂ ಹಿಂದೆ ಬ್ರಿಟಿಷರ ಕಾಲದಲ್ಲಿ ಹೂವಿನ ಅಂದಕ್ಕೆ ಅಂತ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಅಲ್ಲಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ. ಚಿಕ್ಕಂದಿನಲ್ಲಿ ನಾವೆಲ್ಲ ಅದರ ಕಪ್ಪು ಹಣ್ಣು ತಿಂದವರೇ, ಅಲ್ವಾ? ನಮ್ಮ ಹಾಗೇ ಪಿಕಳಾರ ಹಕ್ಕಿಯೂ ತಿನ್ನುತ್ತದೆ, ಹೋಗಿ ಇನ್ನೊಂದು ಮರದ ಮೇಲೆ ಕೂತು ಬೀಜ ಉದುರಿಸುತ್ತದೆ. ಪೊದೆ ಬೆಳೆದ ಮೇಲೆ ಕೆಳಗೆ ಬೆಳಕು ಬೀಳುವುದಿಲ್ಲ. ಹುಲ್ಲು ಸಾಯುತ್ತದೆ. ಜಿಂಕೆ ಲಂಟಾನ ಮೇಯುವುದಿಲ್ಲ. ಹುಲ್ಲಿಲ್ಲದ ಕಾಡಿನಿಂದ ಜಿಂಕೆ ಪಕ್ಕದ ರಾಗಿ ಹೊಲಕ್ಕೆ ಹೋಗುತ್ತದೆ, ಅದರ ಹಿಂದೆ ಚಿರತೆಯೂ ಹೋಗುತ್ತದೆ. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಹುಲ್ಲಿನ ಬೆಂಕಿ ತಗ್ಗಿನಲ್ಲೇ ಓಡಿಹೋಗುತ್ತದೆ. ಲಂಟಾನ ಇದ್ದರೆ ಅದೇ ಬೆಂಕಿಗೆ ಏಣಿ. ಪೊದೆ ಹತ್ತಿ ಮರದ ನೆತ್ತಿಗೆ ಹೋಗುತ್ತದೆ.

ಕೀಳುವುದಕ್ಕೆ ಒಂದು ಕ್ರಮ ಇದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ಮತ್ತು ಅವರ ಜೊತೆಗಾರರು ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಈ ಕ್ರಮವನ್ನು ಮಾಡಿ ತೋರಿಸಿದರು. ಹೀಗೆ ಮಾಡಬೇಕು. ಮೊದಲು ಪೊದೆಯ ಸುತ್ತ ನಿಂತು ಜೋರಾಗಿ ಕೂಗಬೇಕು, ಕೋಲಿನಿಂದ ಬಡಿಯಬೇಕು. ಒಳಗೆ ಕರಡಿ ಮಲಗಿರಬಹುದು. ಆಮೇಲೆ ಕೊಂಬೆಗಳನ್ನು ಪಕ್ಕಕ್ಕೆ ಸರಿಸಿ ಬುಡಕ್ಕೆ ಬಗ್ಗಬೇಕು. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ದಪ್ಪಗೆ ಗಂಟಿನ ಹಾಗೆ ಇರುತ್ತದೆ. ಚಿಗುರು ಏಳುವುದೆಲ್ಲ ಅಲ್ಲಿಂದ. ಗುದ್ದಲಿಯ ಏಟು ಆ ಗಂಟಿಗಿಂತ ಕೆಳಗೆ, ಮಣ್ಣಿನೊಳಗೆ ಒಂದೆರಡು ಅಂಗುಲ ಆಳದಲ್ಲಿ, ತಾಯಿಬೇರಿಗೆ ಬೀಳಬೇಕು. ಬೇರು ಕತ್ತರಿಸುವಾಗ ಸದ್ದೇ ಬೇರೆ ಇರುತ್ತದೆ, ಒಂದು ಥರ ಮೆತ್ತಗಿನ ಸದ್ದು. ಎರಡು ಮೂರು ಜನ ಸೇರಿ ಇಡೀ ಪೊದೆ ಎತ್ತಿ ಬುಡ ಮೇಲೆ, ತಲೆ ಕೆಳಗೆ ಮಾಡಿ ಇಡಬೇಕು. ಬುಡ ಮತ್ತೆ ಮಣ್ಣು ಮುಟ್ಟಿದರೆ ಬೇರು ಬಿಡುತ್ತದೆ. ಹಣ್ಣು ಮಾಗುವ ಮುಂಚೆ ಈ ಕೆಲಸ ಮುಗಿಯಬೇಕು. ಮಳೆ ಬಿದ್ದು ಮಣ್ಣು ಮೆತ್ತಗಾಗಿದ್ದರೆ ಸಲೀಸು.

ಇಷ್ಟು ಮಾಡಿದರೆ ಅರ್ಧ ಕೆಲಸ. ಮಣ್ಣಿನೊಳಗೆ ಹಳೆಯ ಬೀಜ ಬೇಕಾದಷ್ಟಿದೆ. ಬೆಳಕು ಬಿದ್ದ ಕೂಡಲೇ ಸಸಿಗಳು ಏಳುತ್ತವೆ. ಮುಖ್ಯವಾಗಿ ಎರಡು ಜಾಗದಲ್ಲಿ: ಹಕ್ಕಿ ಬಂದು ಕೂರುವ ಮರದ ಅಡಿಯಲ್ಲಿ, ಮತ್ತೆ ಮಳೆ ನೀರು ಹರಿಯುವ ಕೊರಕಲಿನ ಅಂಚಿನಲ್ಲಿ. ಈ ಸಸಿ ಗೇಣುದ್ದ ಇರುವಾಗ ಎರಡು ಬೆರಳಲ್ಲಿ ಕೀಳಬಹುದು. ಒಂದು ವರ್ಷ ಬಿಟ್ಟರೆ ಗುದ್ದಲಿ ಬೇಕು. ಮೂರು ವರ್ಷ ಬಿಟ್ಟರೆ ಮೊದಲಿಂದ ಶುರು ಮಾಡಬೇಕು. ನಿಮ್ಮಂಥವರು ಬೇಕಾಗಿರುವುದು ಈ ಎರಡು ಬೆರಳಿನ ಕೆಲಸಕ್ಕೆ.

ಆ ಭಾನುವಾರದ ನಂತರ ನಾನು ಮಾಡಿದ ಬದಲಾವಣೆ ದೊಡ್ಡದೇನಲ್ಲ. ಒಂದು ಗುಂಪಿಗೆ ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ ಅಂದೆ. ಜೊತೆಗೆ ಒಬ್ಬ ಗಾರ್ಡ್, ಇಬ್ಬರು ವಾಚರ್. ಜಾಗವನ್ನು ಕಲ್ಲು ನೆಟ್ಟು ತುಂಡು ತುಂಡು ಮಾಡಿದೆ. ಒಂದೊಂದು ತುಂಡು ಐದು ಗುಂಟೆ. ಒಂದು ಗುಂಪಿಗೆ ಒಂದು ತುಂಡು, ಮೂರು ವರ್ಷಕ್ಕೆ. ಬೇರೆ ಜಾಗ ತೋರಿಸಿ ಅಂದರೆ ತೋರಿಸುವುದಿಲ್ಲ. ಅಲ್ಲಿ ಏನಾಗುತ್ತದೋ ಅದೇ ಗುಂಪು ನೋಡಬೇಕು.

ಇನ್ನೊಂದು ನಿಯಮ, ಮೊದಲ ಒಂದು ಗಂಟೆ ಯಾರೂ ಆಯುಧ ಮುಟ್ಟುವಂತಿಲ್ಲ. ಹಳೆಯ ಬಟ್ಟೆಯ ಕೆಂಪು ಚಿಂದಿ ಕೊಡುತ್ತೇವೆ. ವಾಚರ್ ಮುಂದೆ ನಡೆಯುತ್ತಾರೆ. ಇದು ನೆಲ್ಲಿ ಸಸಿ, ಇದು ಹೊನ್ನೆ, ಇದು ಮತ್ತಿ, ಇದು ದಿಂಡಿಗ ಅಂತ ತೋರಿಸುತ್ತಾರೆ. ಪೊದೆಯೊಳಗೆ ಬಗ್ಗಿ ನೋಡಿದರೆ ಇಂಥ ಮರಿಗಿಡಗಳು ಬೆಳಕಿಲ್ಲದೆ ಬಡಕಲಾಗಿ ನಿಂತಿರುತ್ತವೆ. ಅದಕ್ಕೆ ಚಿಂದಿ ಕಟ್ಟಬೇಕು. ಎಲೆ ಹಿಂಡಿ ಮೂಸಿ ನೋಡಿ ಲಂಟಾನದ ವಾಸನೆ ಕಲಿಯಬೇಕು. ಅದನ್ನು ಒಂದು ಸಲ ಮೂಸಿದವರು ಮತ್ತೆ ಕವಳೆಗೆ ಮಚ್ಚು ಹಾಕುವುದಿಲ್ಲ. ಒಂದು ಗಂಟೆ ಕಳೆಯುವಷ್ಟರಲ್ಲಿ ಆ ಐದು ಗುಂಟೆಯಲ್ಲಿ ಮೂವತ್ತು ನಲವತ್ತು ಕೆಂಪು ಚಿಂದಿ ಕಾಣಿಸುತ್ತದೆ. ಬರೀ ಲಂಟಾನ ಅಂದುಕೊಂಡಿದ್ದ ಜಾಗದಲ್ಲಿ ಒಂದು ಕಾಡು ಅಡಗಿ ಕೂತಿರುವುದು ಆಗ ಅವರಿಗೆ ಕಾಣುತ್ತದೆ. ಆಮೇಲೆ ಕೆಲಸ ಮಾಡುವ ರೀತಿಯೇ ಬದಲಾಗುತ್ತದೆ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ.

ಎಲ್ಲವನ್ನೂ ಒಂದೇ ಸಲ ಬೋಳು ಮಾಡುವುದೂ ತಪ್ಪು. ಸಣ್ಣ ಹಕ್ಕಿಗಳು ಅದರಲ್ಲೇ ಗೂಡು ಮಾಡಿರುತ್ತವೆ, ಕಾಡುಕೋಳಿ ಮರಿ ಕಟ್ಟಿಕೊಂಡು ಅದರೊಳಗೇ ಓಡಾಡುತ್ತಿರುತ್ತದೆ. ಹಾಗಾಗಿ ಒಂದು ತುಂಡು ತೆಗೆದು ಪಕ್ಕದ್ದನ್ನು ಮುಂದಿನ ವರ್ಷಕ್ಕೆ ಬಿಡುತ್ತೇವೆ.

ಇಲ್ಲಿ ಒಂದು ಪಕ್ಕದ ದಾರಿ ಹಿಡಿಯುತ್ತೇನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಿರಿಯರನ್ನು ಕೇಳಿದರೆ ‘ತರಗು ಬೆಂಕಿ’ ಅನ್ನುವ ಮಾತು ಹೇಳುತ್ತಾರೆ. ವರ್ಷದ ಶುರುವಿನಲ್ಲಿ, ಹುಲ್ಲು ಪೂರ್ತಿ ಒಣಗುವ ಮುಂಚೆ, ಒಣ ಎಲೆಗೆ ಮೆಲ್ಲಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ ಅದು. ಅದರಿಂದ ಎಳೆಯ ಲಂಟಾನ ಸುಟ್ಟುಹೋಗುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯೂ ಹತೋಟಿಯಲ್ಲಿ ಇರುತ್ತಿತ್ತು ಅಂತ ಅವರ ಅನುಭವ. 1974ರಲ್ಲಿ ಅಲ್ಲಿ ವನ್ಯಧಾಮ ಆದ ಮೇಲೆ ಬೆಂಕಿ ಹಾಕುವುದು ನಿಂತಿತು. ಆಮೇಲೆ ಲಂಟಾನ ಹೇಗೆ ಹಬ್ಬಿತು ಅನ್ನುವುದನ್ನು ಅಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ವಿಜ್ಞಾನಿಗಳೂ ಬರೆದಿದ್ದಾರೆ. ಇವತ್ತು ಕಾಡು ಒಣ ಲಂಟಾನದಿಂದ ತುಂಬಿರುವಾಗ ಅದೇ ಬೆಂಕಿ ಹಾಕಲು ಆಗುವುದಿಲ್ಲ, ಅದು ಬೇರೆ ಮಾತು. ಬೆಂಕಿ ಆರಿಸುವುದು ನನ್ನ ನೌಕರಿ. ಆದರೂ ಹೇಳುತ್ತೇನೆ, ಆ ಹಿರಿಯರಿಗೆ ಗೊತ್ತಿದ್ದದ್ದನ್ನು ನಾವು ಇನ್ನೂ ಚೆನ್ನಾಗಿ ಕೇಳಿಸಿಕೊಳ್ಳಬೇಕಿತ್ತು. ಸ್ವಯಂಸೇವಕರ ಗುಂಪಿಗೆ ಪಾಠ ಹೇಳುವ ಜಾಗದಲ್ಲಿ ನಾನು ವಾಚರ್‌ಗಳನ್ನು ನಿಲ್ಲಿಸುವುದು ಇದೇ ಕಾರಣಕ್ಕೆ.

ವಾಚರ್‌ಗಳ ಮಾತು ಬಂದಿತಲ್ಲ, ಇನ್ನೊಂದು ವಿಷಯ. ಒಂದು ಗಂಟೆಯಲ್ಲಿ ಇಬ್ಬರು ಸೋಲಿಗ ಹೆಣ್ಣುಮಕ್ಕಳು ತೆಗೆಯುವಷ್ಟು ಲಂಟಾನವನ್ನು ನಗರದಿಂದ ಬಂದ ಹತ್ತು ಜನ ತೆಗೆಯಲಾರರು. ಇದರಲ್ಲಿ ನಾಚಿಕೆ ಪಡುವುದೇನೂ ಇಲ್ಲ, ಅವರ ಕೈ ಹಾಗೆ ಪಳಗಿದೆ. ಆದ್ದರಿಂದ ದೊಡ್ಡ ಪೊದೆ ತೆಗೆಯುವ ಕೆಲಸ ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸ. ಸುಮ್ನೆ ಬರುವವರು ಇದ್ದಾರೆ ಅಂತ ಹಾಡಿಯವರ ಒಂದು ದಿನದ ಕೂಲಿಯೂ ತಪ್ಪಬಾರದು. ಸ್ವಯಂಸೇವಕರನ್ನು ಕರೆಯುವ ಯಾವ ಅಧಿಕಾರಿಗಾದರೂ ನಾನು ಮೊದಲು ಹೇಳುವ ಮಾತು ಇದು. ನೀವೂ ಎಲ್ಲಿಗಾದರೂ ಹೋದರೆ ಕೇಳಿ, ಈ ಕೆಲಸಕ್ಕೆ ಇಲ್ಲಿ ಮೊದಲು ಯಾರಿಗೆ ಕೂಲಿ ಸಿಗುತ್ತಿತ್ತು ಅಂತ.

ಮತ್ತೆ, ದುಡ್ಡಿಲ್ಲದೆ ಕಾಡುಪ್ರಾಣಿಗಾಗಿ ದುಡಿಯುವುದು ನಗರದವರು ಕಂಡುಹಿಡಿದ ವಿಷಯವೇನಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೀರಾ? ಹೆಜ್ಜಾರ್ಲೆಗಳು ಅಂದರೆ ಪೆಲಿಕನ್‌ಗಳು, ಮತ್ತೆ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದ ಮೇಲೆ, ಮನೆಯ ಸೂರಿನ ಪಕ್ಕದಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಅವನ್ನು ನೋಡಿಕೊಳ್ಳುತ್ತಾರೆ. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗೆ ಮೀನು ತಿನ್ನಿಸಿ ಸಾಕಿ ಬಿಡುವ ಕೆಲಸವನ್ನು ಅಲ್ಲಿಯ ಯುವಕರ ‘ಹೆಜ್ಜಾರ್ಲೆ ಬಳಗ’ ಮಾಡಿಕೊಂಡು ಬಂತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆ ಆಯಿತು. ಸರ್ಕಾರದ ಕಾಗದ ಬಂದದ್ದು ಆಮೇಲೆ, ಊರವರ ಆರೈಕೆ ಅದಕ್ಕಿಂತ ಎಷ್ಟೋ ಮುಂಚಿನದು. ಪ್ರತಿ ವರ್ಷ ಅದೇ ಮರ, ಅದೇ ಊರು.

ಈಗ ಎಣಿಕೆಯ ಕೆಲಸಕ್ಕೆ ಬರುತ್ತೇನೆ. ನಿಮ್ಮಲ್ಲಿ ಹಕ್ಕಿ ನೋಡುವವರು ಜಾಸ್ತಿ ಇದ್ದೀರಿ, ನಿಮಗೆ ಇದು ಬೇಗ ಅರ್ಥ ಆಗುತ್ತದೆ.

ನಾಲ್ಕು ವರ್ಷಕ್ಕೊಮ್ಮೆ ದೇಶದಲ್ಲಿ ಹುಲಿ ಅಂದಾಜು ನಡೆಯುತ್ತದೆ. 2018ರಲ್ಲಿ ಕರ್ನಾಟಕದ ಲೆಕ್ಕ 524, 2022ರಲ್ಲಿ 563. ಪತ್ರಿಕೆಯಲ್ಲಿ ಬರುವುದು ಈ ಒಂದು ಸಂಖ್ಯೆ ಮಾತ್ರ. ಅದರ ಹಿಂದೆ ಎರಡು ಥರದ ಕೆಲಸ ಇದೆ. ಒಂದು, ದಾರಿಯ ಎರಡೂ ಬದಿಗೆ ಎದುರುಬದುರು ಕಟ್ಟುವ ಕ್ಯಾಮೆರಾ. ಹುಲಿಯ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ, ಎಡಬಲ ಎರಡೂ ಪಕ್ಕ ಬೇರೆ ಬೇರೆ. ಅದಕ್ಕೇ ಎರಡು ಕ್ಯಾಮೆರಾ. ಇನ್ನೊಂದು, ಕಾಲ್ನಡಿಗೆಯ ಕೆಲಸ. ಪ್ರತಿ ಬೀಟ್‌ನಲ್ಲಿ ಎರಡು ಕಿಲೋಮೀಟರಿನ ಒಂದು ನೇರ ಗೆರೆ ಇರುತ್ತದೆ, ನಾವು ಲೈನ್ ಅನ್ನುತ್ತೇವೆ. ಬೆಳಕು ಹರಿಯುತ್ತಲೇ ಸದ್ದಿಲ್ಲದೆ ಅದರ ಮೇಲೆ ನಡೆಯಬೇಕು. ಜಿಂಕೆ, ಕಡವೆ, ಕಾಟಿ ಏನು ಕಂಡರೂ ಎಷ್ಟು, ಎಷ್ಟು ದೂರದಲ್ಲಿ, ಯಾವ ದಿಕ್ಕಿಗೆ ಅಂತ ಬರೆಯಬೇಕು. ಮಾರನೇ ದಿನ ಮತ್ತೆ ಅದೇ ಗೆರೆ. ಅದರ ಮಾರನೇ ದಿನವೂ ಅದೇ.

ಒಂದು ಸಲ ಒಬ್ಬ ಹುಡುಗ ಬಂದಿದ್ದ. ಬಿ.ಎಸ್ಸಿ. ಕೊನೆಯ ವರ್ಷ. ಮೊದಲ ದಿನ ಲೈನ್ ಮುಗಿಸಿ ಬಂದವನ ಮುಖ ಸಪ್ಪಗಿತ್ತು. ‘ಏನೂ ಸಿಗಲಿಲ್ಲ ಮೇಡಂ. ನಮ್ಮ ಲೈನ್ ವೇಸ್ಟ್ ಆಯ್ತು’ ಅಂದ. ಹಾಳೆ ಖಾಲಿ. ನಾನು ಅವನ ಕೈಗೆ ಪೆನ್ನು ಕೊಟ್ಟು, ಪ್ರಾಣಿಗಳ ಸಂಖ್ಯೆ ಅನ್ನುವ ಕಡೆ ಸೊನ್ನೆ ಬರಿ ಅಂದೆ. ಅವನು ಸುಮ್ಮನೆ ನನ್ನ ಮುಖ ನೋಡಿದ. ಕೂರಿಸಿಕೊಂಡು ಹೇಳಿದೆ. ನೋಡಪ್ಪ, ಕಂಡವರು ಮಾತ್ರ ಬರೆದು, ಕಾಣದವರು ಹಾಳೆ ಹರಿದು ಹಾಕಿದರೆ ಏನಾಗುತ್ತದೆ? ಇಡೀ ಕಾಡಿನಲ್ಲಿ ಜಿಂಕೆ ತುಂಬಿ ತುಳುಕುತ್ತಿದೆ ಅಂತ ಲೆಕ್ಕ ಬರುತ್ತದೆ. ಎರಡು ಕಿಲೋಮೀಟರ್ ನಡೆದರೂ ಒಂದು ಜಿಂಕೆ ಕಾಣಲಿಲ್ಲ ಅನ್ನುವುದು ಇವತ್ತಿನ ದೊಡ್ಡ ಸುದ್ದಿ. ಅದನ್ನು ತಿಳಿಸಬಲ್ಲವನು ನೀನೊಬ್ಬನೇ.

ಎರಡನೇ ದಿನವೂ ಸೊನ್ನೆ. ಆದರೆ ಅವತ್ತು ಅವನು ವಾಪಸ್ ಬರುವಾಗ ಮಾಡುವ ಕೆಲಸವನ್ನು ನಿಧಾನವಾಗಿ ಮಾಡಿದ್ದ. ಪ್ರತಿ 400 ಮೀಟರಿಗೆ ನಿಂತು, ಸುತ್ತ ಯಾವ ಗಿಡ, ಎಷ್ಟು ಹುಲ್ಲು, ಎಷ್ಟು ಕಳೆ, ಯಾವ ಹಿಕ್ಕೆ ಅಂತ ಬರೆಯಬೇಕು. ಐದು ಕಡೆಯಲ್ಲಿ ನಾಲ್ಕರಲ್ಲಿ ಲಂಟಾನ ಸೊಂಟಕ್ಕಿಂತ ಎತ್ತರ, ಹಿಕ್ಕೆ ಇಲ್ಲ. ಒಂದು ಕಡೆ ಹಳೆಯ ಕೆರೆ ಏರಿಯ ಕೆಳಗೆ ಗರಿಕೆ ಇತ್ತು. ಅಲ್ಲಿ ಮಾತ್ರ ಜಿಂಕೆಯ ಹಿಕ್ಕೆ, ಜೊತೆಗೆ ಕಡವೆಯದೂ. ಸಂಜೆ ಕ್ಯಾಂಪಿನಲ್ಲಿ ಲಾಟೀನಿನ ಪಕ್ಕ ಕೂತು ಎರಡೂ ಹಾಳೆ ಜೋಡಿಸಿ ತೋರಿಸಿದ. ‘ಮೇಡಂ, ಸೊನ್ನೆ ಯಾಕೆ ಅಂತ ಇದರಲ್ಲೇ ಇದೆ’ ಅಂದ. ನನಗೆ ಎಷ್ಟು ಸಂತೋಷ ಆಯಿತು ಅಂತ ಹೇಳಲಾರೆ. ಮುಂದಿನ ಬೇಸಿಗೆಗೆ ನಾವು ಲಂಟಾನ ತೆಗೆಯಲು ಆರಿಸಿಕೊಂಡಿದ್ದು ಅದೇ ಲೈನಿನ ಪಕ್ಕದ ಜಾಗ.

ಉರುಳಿನ ವಿಷಯವನ್ನು ಮಕ್ಕಳಿರುವ ಸಭೆಯಲ್ಲಿ ಹೇಳುವುದು ಕಷ್ಟ, ಆದರೂ ಹೇಳಬೇಕು. ಕಾಡಂಚಿನ ಬೇಲಿಗಳಲ್ಲಿ ಹಂದಿಗೆ, ಮೊಲಕ್ಕೆ ಅಂತ ಉರುಳು ಹಾಕುತ್ತಾರೆ. ಬೈಕಿನ ಕ್ಲಚ್ ವೈರ್ ಸಾಕು. ಹಂದಿಗೆ ಹಾಕಿದ್ದು ಚಿರತೆಯ ಸೊಂಟಕ್ಕೆ ಬೀಳುತ್ತದೆ, ಕರಡಿಯ ಕಾಲಿಗೆ ಬೀಳುತ್ತದೆ. ಬಿಡಿಸಿಕೊಳ್ಳಲು ಎಳೆದಷ್ಟೂ ಬಿಗಿಯುತ್ತದೆ. ಅದನ್ನು ಹುಡುಕುವ ಗಸ್ತಿಗೆ ಸ್ವಯಂಸೇವಕರು ತುಂಬಾ ಉಪಯೋಗಕ್ಕೆ ಬರುತ್ತಾರೆ, ಯಾಕೆಂದರೆ ಅಲ್ಲಿ ಬೇಕಾಗಿರುವುದು ಕಣ್ಣುಗಳು. ಬೇಲಿಯ ಉದ್ದಕ್ಕೆ ಸಾಲಾಗಿ ನಡೆಯಬೇಕು. ಬೆಳಗಿನ ಎಳೆ ಬಿಸಿಲಿನಲ್ಲಿ ವೈರ್ ಒಂದು ಕ್ಷಣ ಮಿಂಚುತ್ತದೆ. ಪ್ರಾಣಿ ನುಗ್ಗಿ ನುಗ್ಗಿ ಬೇಲಿಯಲ್ಲಿ ಸುರಂಗದ ಹಾಗೆ ದಾರಿ ಆಗಿರುತ್ತದೆ, ಅಂಥ ಕಡೆ ನಿಂತು ನೋಡಬೇಕು. ಪಕ್ಕದಲ್ಲಿ ಹೊಸದಾಗಿ ಕತ್ತರಿಸಿದ ಗೂಟ ಇದ್ದರೆ ಇನ್ನೂ ಹುಷಾರು. ಸಿಕ್ಕಿದ್ದನ್ನು ನೀವು ಮುಟ್ಟುವಂತಿಲ್ಲ. ಜಾಗ ಬರೆದುಕೊಂಡು, ಫೋಟೊ ತೆಗೆದು, ಗಾರ್ಡ್ ಬಂದು ತೆಗೆಯುತ್ತಾರೆ, ಕೇಸ್ ಆಗಬೇಕಲ್ಲ. ಮತ್ತೆ ಎರಡು ವಾರ ಬಿಟ್ಟು ಅದೇ ಬೇಲಿಗೆ ಹೋಗಬೇಕು. ಒಮ್ಮೆ ತೆಗೆದ ಜಾಗದಲ್ಲೇ ಮತ್ತೆ ಹಾಕುತ್ತಾರೆ.

ಬೆಂಕಿಯ ಬಗ್ಗೆ ತುಂಬಾ ಜನ ಕೇಳುತ್ತಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿಯಿತು, ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಿತು, ನಿಮಗೆಲ್ಲ ನೆನಪಿರಬಹುದು. ಆಗ ಮೈಸೂರಿನಿಂದ, ಬೆಂಗಳೂರಿನಿಂದ ಎಷ್ಟೋ ಯುವಕರು ಓಡಿ ಬಂದರು. ಅವರ ಕಾಳಜಿಗೆ ಕೈ ಮುಗಿಯುತ್ತೇನೆ. ಆದರೆ ನನ್ನ ಗುಂಪಿನ ಸ್ವಯಂಸೇವಕರನ್ನು ಬೆಂಕಿಯ ಮುಂದೆ ನಿಲ್ಲಿಸುವುದಿಲ್ಲ ಅಂತ ನಾನು ಅದಕ್ಕೂ ಮುಂಚೆಯೇ ತೀರ್ಮಾನ ಮಾಡಿದ್ದೆ. 2017ರ ಫೆಬ್ರವರಿಯಲ್ಲಿ ಅದೇ ಬಂಡೀಪುರದ ಬೆಂಕಿಯಲ್ಲಿ ನಮ್ಮ ಇಲಾಖೆಯ ಗಾರ್ಡ್ ಒಬ್ಬರು ತೀರಿಕೊಂಡರು. ಕಾಡು ಗೊತ್ತಿದ್ದವರು, ತರಬೇತಿ ಇದ್ದವರು. ಗಾಳಿ ತಿರುಗಿದರೆ ಇಳಿಜಾರಿನಲ್ಲಿ ಮೇಲಕ್ಕೆ ಬೆಂಕಿ ಮನುಷ್ಯನಿಗಿಂತ ಜೋರಾಗಿ ಓಡುತ್ತದೆ. ಹಸಿ ಸೊಪ್ಪಿನಿಂದ ಬಡಿಯುವುದಕ್ಕೂ, ಎದುರು ಬೆಂಕಿ ಕೊಡುವುದಕ್ಕೂ ವರ್ಷಗಳ ಅಭ್ಯಾಸ ಬೇಕು.

ಬೆಂಕಿಯ ವಿಷಯದಲ್ಲಿ ನಿಮ್ಮ ಸಹಾಯ ಬೇಕಾಗಿರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಬೆಂಕಿ ರೇಖೆ ಮಾಡುತ್ತೇವೆ. ರಸ್ತೆಯ ಪಕ್ಕ, ಗಡಿಯ ಉದ್ದಕ್ಕೆ ಹುಲ್ಲು, ತರಗು ಎಲ್ಲ ತೆಗೆದು ಖಾಲಿ ಪಟ್ಟಿ ಬಿಡುವ ಕೆಲಸ. ಬೆಂಕಿ ಬಂದರೆ ಅಲ್ಲಿ ತಿನ್ನಲು ಏನೂ ಇರಬಾರದು. ನೋಡಲು ಬಹಳ ಸಪ್ಪೆ ಕೆಲಸ, ಫೋಟೊ ಚೆನ್ನಾಗಿ ಬರುವುದಿಲ್ಲ. ತರಗು ಮತ್ತೆ ಬೀಳುತ್ತದೆ, ಮತ್ತೆ ಗುಡಿಸಬೇಕು. ಕಾಡಂಚಿನ ಹಳ್ಳಿಗಳಿಗೆ ಹೋಗಿ ಶಾಲೆಯಲ್ಲಿ, ಅರಳಿಕಟ್ಟೆಯಲ್ಲಿ ಕೂತು ಮಾತಾಡುವುದೂ ಅದೇ ತಿಂಗಳ ಕೆಲಸ. ಬೆಂಕಿ ಬಿದ್ದ ದಿನ ನನ್ನ ಜೊತೆಯ ಸ್ವಯಂಸೇವಕರು ನೀರಿನ ಕ್ಯಾನ್ ತುಂಬುತ್ತಾರೆ, ಅನ್ನದ ಪೊಟ್ಟಣ ಕಟ್ಟುತ್ತಾರೆ, ಗಾಡಿ ಓಡಿಸುತ್ತಾರೆ, ಒಳಗೆ ಹೋದವರೆಲ್ಲ ಹೊರಗೆ ಬಂದರಾ ಅಂತ ಹೆಸರು ಹಿಡಿದು ಲೆಕ್ಕ ಇಡುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ಹೊಗೆಯಿಂದ ಹೊರಬಂದ ವಾಚರ್ ಕೈಗೆ ಮಜ್ಜಿಗೆ ಕೊಟ್ಟವರನ್ನು ಅವರು ಯಾವತ್ತೂ ಮರೆಯುವುದಿಲ್ಲ.

ಬರುವವರಿಗೆ ಕೆಲವು ಮಾತು. ಕಾಡಿಗೆ ಸುಮ್ನೆ ಬರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು, ಹೆಸರು ಮೊದಲೇ ಕೊಡಬೇಕು. ಮಣ್ಣಿನ ಬಣ್ಣದ, ತುಂಬು ತೋಳಿನ ಹತ್ತಿ ಬಟ್ಟೆ ಹಾಕಿಕೊಳ್ಳಿ. ಸೆಂಟ್ ಬೇಡ. ಬೇಸಿಗೆಯಲ್ಲಿ ರಕ್ತ ಹೀರುವ ಉಣ್ಣೆ ಹುಳುಗಳು ಹತ್ತುತ್ತವೆ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಹೋದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ. ಮಂಗನ ಕಾಯಿಲೆ ಹರಡುವುದು ಇದೇ ಉಣ್ಣೆಯಿಂದ, ಅದು ಮಲೆನಾಡಿಗೆ ಮಾತ್ರ ಅಂದುಕೊಳ್ಳಬೇಡಿ. ಉದುರಿದ ಕಡವೆ ಕೊಂಬು ಕಂಡರೆ ಅಲ್ಲೇ ಬಿಡಿ. ಮುಳ್ಳುಹಂದಿ ಬಂದು ಅದನ್ನು ಕಡಿದು ಸುಣ್ಣದ ಅಂಶ ಪಡೆಯುತ್ತದೆ, ಹಲ್ಲಿನ ಗುರುತು ಬೇಕಾದರೆ ತೋರಿಸುತ್ತೇನೆ. ಮುಂದೆ ನಡೆಯುವ ವಾಚರ್ ತಟ್ಟನೆ ನಿಂತು ಹಿಡಿ ಮಣ್ಣು ತೆಗೆದು ಮೆಲ್ಲಗೆ ಕೆಳಗೆ ಬಿಟ್ಟರೆ ನೀವೂ ನಿಲ್ಲಿ, ಮಾತು ಬೇಡ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ನೋಡುತ್ತಿದ್ದಾರೆ. ಹತ್ತಿರದಲ್ಲಿ ಆನೆ ಇದೆ ಅಂತ ಅರ್ಥ. ಅವರು ಕೈ ತೋರಿಸಿದ ಕಡೆಗೆ ನಡೆಯಿರಿ.

ಕೊನೆಯದಾಗಿ ನಾಲ್ಕನೇ ತುಂಡಿನ ಸುದ್ದಿ ಹೇಳಿಬಿಡುತ್ತೇನೆ, ಆ ಗುಂಪಿನ ಕೆಲವರು ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಮೊದಲ ವರ್ಷ ಮಳೆಯ ನಂತರ ಅವರು ಕಿತ್ತ ಲಂಟಾನ ಸಸಿ ಐದು ಗೋಣಿಚೀಲ ತುಂಬಿತ್ತು. ಎರಡನೇ ವರ್ಷ ಒಂದು ಚೀಲ. ಹೋದ ವರ್ಷ ಎರಡು ಹಿಡಿ, ಅದೂ ಬರೀ ಆಲದ ಮರದ ಅಡಿಯಲ್ಲಿ. ಕೆಂಪು ಚಿಂದಿ ಕಟ್ಟಿದ್ದ ನೆಲ್ಲಿ ಸಸಿಗಳಲ್ಲಿ ಹೆಚ್ಚಿನವು ಈಗ ಆಳೆತ್ತರ ಆಗಿವೆ. ಒಂದೆರಡನ್ನು ಆನೆ ಮುರಿದಿದೆ, ಅದು ಅದರ ಪಾಲು. ಹುಲ್ಲು ಬಂದಿದೆ. ಹುಲ್ಲಿನ ಮಧ್ಯೆ ಜಿಂಕೆಯ ಹಿಕ್ಕೆ ಬಿದ್ದಿದೆ. ಹಾಳೆಯಲ್ಲಿ ಸೊನ್ನೆಯ ಜಾಗದಲ್ಲಿ ಮೊದಲ ಸಲ ಬೇರೆ ಸಂಖ್ಯೆ ಬರೆದದ್ದು ಅಲ್ಲಿಯೇ.

ಈ ಸಲದ ಸಸಿ ಕೀಳುವ ಕೆಲಸ ಮುಂಗಾರು ಹಿಡಿದ ಮೂರನೇ ಭಾನುವಾರ. ಐದು ಮತ್ತು ಆರನೇ ತುಂಡಿಗೆ ಇನ್ನೂ ಗುಂಪು ಸಿಕ್ಕಿಲ್ಲ. ಮೂರು ವರ್ಷಕ್ಕೆ ಒಪ್ಪುವವರು ಹೊರಗೆ ಇಟ್ಟಿರುವ ಪುಸ್ತಕದಲ್ಲಿ ಹೆಸರು ಬರೆಯಿರಿ. ಗುದ್ದಲಿ, ಕೆಂಪು ಚಿಂದಿ, ಮಧ್ಯಾಹ್ನದ ಊಟ ನಮ್ಮದು. ಕೈಗವಸು ಮತ್ತು ಎರಡು ಲೀಟರ್ ನೀರು ನೀವು ತನ್ನಿ.